ಮತದಾರರ ಪಟ್ಟಿ ಎಲ್ಲರಿಗೂ ಸಿಗುತ್ತೆ, ತಾಳೆ ನೋಡೋಕೆ ಮಾತ್ರ ಆಗಲ್ಲ. ಕಾನೂನು ಏನನ್ನುತ್ತೆ?

ವರ್ತೂರು ವಾಸಿ

ನಮ್ಮ ಬಡಾವಣೆಯ ಕೆಲವರು ಸೇರಿ ನಮ್ಮ ಬೂತಿನ ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಒಮ್ಮೆ ನೋಡೋಣ ಅಂತ ಹೊರಟಿದ್ದೇವೆ. ನಮ್ಮದು ಮಹದೇವಪುರ ಕ್ಷೇತ್ರ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಇಲ್ಲಿ 1,00,250 ಕಳ್ಳ ಮತ ಇವೆ ಅಂದರು. ಎರಡೆರಡು ಸಲ ಬಂದ ಹೆಸರು 11,965, ಇಲ್ಲದ ವಿಳಾಸ 40,009, ಒಂದೇ ವಿಳಾಸಕ್ಕೆ ತುಂಬಿದ್ದು 10,452, ಫೋಟೋ ಸರಿ ಇಲ್ಲದ್ದು 4,132, ಹೊಸ ಹೆಸರು ಸೇರಿಸುವ ಫಾರಂ 6ರ ದುರ್ಬಳಕೆ 33,692. ರಾಜ್ಯದ ಮುಖ್ಯ ಚುನಾವಣಾಧಿಕಾರಿ, ಪ್ರಮಾಣ ಮಾಡಿ ಸಹಿ ಹಾಕಿ ಕೊಡಿ ಅಂದರು. ಸಂವಿಧಾನದ ಮೇಲೆ ಆಗಲೇ ಪ್ರಮಾಣ ಮಾಡಿದ್ದೇನೆ ಅಂತ ರಾಹುಲ್ ಕೊಡಲಿಲ್ಲ. ಎಸ್‌ಐಟಿ ತನಿಖೆ ಬೇಕು ಅಂತ ಸುಪ್ರೀಂ ಕೋರ್ಟ್‌ಗೆ ಹೋದ ಅರ್ಜಿಯನ್ನು ಅಕ್ಟೋಬರ್ 13ರಂದು ಕೋರ್ಟ್ ತೆಗೆದುಕೊಳ್ಳಲಿಲ್ಲ, ಚುನಾವಣಾ ಆಯೋಗದ ಹತ್ತಿರವೇ ಹೋಗಿ ಅಂದಿತು.

ಇಷ್ಟೆಲ್ಲ ಆದರೂ ನಮ್ಮ ಬೂತಿನ ಪಟ್ಟಿ ಸರಿ ಇದೆಯೋ ಇಲ್ಲವೋ ಅನ್ನೋದು ನಮಗೆ ಗೊತ್ತಾಗಲಿಲ್ಲ.

ಪಕ್ಷದ ಜಗಳ ಇಲ್ಲಿ ಬೇಡ ದಯವಿಟ್ಟು. ನನ್ನ ತೊಂದರೆ ಬೇರೆ. ವೆಬ್‌ಸೈಟಿನಿಂದ ನಮ್ಮ ಭಾಗದ ಪಟ್ಟಿ ಇಳಿಸಿದೆ. ಪ್ರತಿ ಭಾಗಕ್ಕೂ ಒಂದು ಕ್ಯಾಪ್ಚಾ. ತೆರೆದರೆ ಬರೀ ಚಿತ್ರ. ಒಂದು ಪುಟಕ್ಕೆ 30 ಚೌಕ, ಹೆಸರು ಹಾಕಿ ಹುಡುಕಿದರೆ ಏನೂ ಸಿಗಲ್ಲ. ಇದು ಸಾರ್ವಜನಿಕ ದಾಖಲೆ ತಾನೇ? ಹಾಗಿದ್ದ ಮೇಲೆ ಹುಡುಕಲು ಬರುವ ಹಾಗೆ ಕೊಡಿ ಅಂತ ಕೇಳೋಕೆ ನಮಗೆ ಹಕ್ಕಿಲ್ವಾ?

ವಕೀಲ ಧಾರವಾಡ

ಈ ಪ್ರಶ್ನೆಯನ್ನು ನಿಮಗಿಂತ ಮೊದಲೇ ಸುಪ್ರೀಂ ಕೋರ್ಟ್‌ನಲ್ಲಿ ಕೇಳಿ ಆಗಿದೆ. 2018ರಲ್ಲಿ ಮಧ್ಯಪ್ರದೇಶದ ವಿಚಾರವಾಗಿ ಕಮಲ್ ನಾಥ್, ರಾಜಸ್ಥಾನದ ವಿಚಾರವಾಗಿ ಸಚಿನ್ ಪೈಲಟ್ ಅರ್ಜಿ ಹಾಕಿದ್ದರು. ಕರಡು ಪಟ್ಟಿಯನ್ನು ಟೆಕ್ಸ್ಟ್ ರೂಪದಲ್ಲಿ ಹಾಕಬೇಕು ಅಂತ ಆಯೋಗದ ಕೈಪಿಡಿಯೇ ಹೇಳುತ್ತದೆ, ಹಾಗಾಗಿ ಕೊಡಿ ಅನ್ನೋದು ಅವರ ವಾದ. ನ್ಯಾಯಮೂರ್ತಿಗಳಾದ ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಆ ವರ್ಷ ಅಕ್ಟೋಬರ್ 12ರಂದು ಅದನ್ನು ತಳ್ಳಿಹಾಕಿತು. ಟೆಕ್ಸ್ಟ್ ರೂಪ ಅಂದ ಮಾತ್ರಕ್ಕೆ ಹುಡುಕಲು ಬರುವ ರೂಪವೇ ಆಗಬೇಕೆಂದಿಲ್ಲ, ಬೇಕಾದರೆ ಅರ್ಜಿದಾರರೇ ಪರಿವರ್ತಿಸಿಕೊಳ್ಳಲಿ ಅನ್ನೋದು ತೀರ್ಪಿನ ಸಾರ. ಜನರ ಖಾಸಗಿತನ, ಮಾಹಿತಿ ಕದ್ದು ಗುಡ್ಡೆ ಹಾಕುವ ಭಯ, ಇವು ಆಯೋಗದ ಕಾರಣಗಳು.

ಆದರೆ ಇನ್ನೊಂದು ಬಾಗಿಲಿದೆ, ಅದನ್ನು ಯಾರೂ ತಟ್ಟಲ್ಲ. 1960ರ ಮತದಾರರ ನೋಂದಣಿ ನಿಯಮಗಳಲ್ಲಿ 32 ಮತ್ತು 33 ಓದಿ. ಪಟ್ಟಿ ಅಂತಿಮವಾದ ಮೇಲೆ ಅದರ ಪ್ರತಿ, ಬಂದ ಅರ್ಜಿಗಳು, ಆಕ್ಷೇಪಣೆಯ ಕಾಗದಪತ್ರ ಎಲ್ಲವನ್ನೂ ನೋಂದಣಿ ಅಧಿಕಾರಿಯ ಕಚೇರಿಯಲ್ಲಿ ಇಟ್ಟುಕೊಳ್ಳಬೇಕು. ಯಾರು ಬೇಕಾದರೂ ಹೋಗಿ ನೋಡಬಹುದು, ಶುಲ್ಕ ಕಟ್ಟಿ ದೃಢೀಕರಿಸಿದ ನಕಲು ಪಡೆಯಬಹುದು. ಇದಕ್ಕೆ ಆರ್‌ಟಿಐ ಕೂಡ ಬೇಕಾಗಿಲ್ಲ. ಕೌಂಟರಿನಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದು ಬೇರೆ ಕಥೆ.

ಕೋಡ್ ಕುಮಾರ

ನೀವೇ ಪರಿವರ್ತಿಸಿಕೊಳ್ಳಿ ಅನ್ನೋದು ಹೇಳೋಕೆ ಸುಲಭ. ನಾನು ಕನ್ನಡದ ಪುಟಗಳ ಮೇಲೆ ಇದನ್ನು ಮಾಡಿ ನೋಡಿದವನು. ಒತ್ತಕ್ಷರ ಬಂದ ಕಡೆ ಸಾಫ್ಟ್‌ವೇರ್ ಮುಗ್ಗರಿಸುತ್ತೆ. ಮಂಜುನಾಥ ಸರಿಯಾಗಿ ಬರ್ತಾನೆ, ಲಕ್ಷ್ಮಮ್ಮ ನಾಲ್ಕು ಥರ ಬರ್ತಾಳೆ. ಚೌಕದ ಗೆರೆ ಅಕ್ಷರಕ್ಕೆ ತಾಗಿದರೆ ಮನೆ ನಂಬರ್ 11 ಹೋಗಿ 111 ಆಗುತ್ತೆ. ತೆಗೆದ ಹೆಸರಿನ ಮೇಲೆ ಅಡ್ಡಡ್ಡ ಒಂದು ಮುದ್ರೆ ಇರುತ್ತಲ್ಲ, ಅದರ ಕೆಳಗಿನ ಅಕ್ಷರ ದೇವರೇ ಓದಬೇಕು. ಅಂದರೆ ನಾವು ಜಾಸ್ತಿ ನೋಡಬೇಕಾದ ಚೌಕಗಳೇ ಓದೋಕೆ ಆಗದವು.

ಇನ್ನೊಂದು ವಿಷಯ. ಆ ಪಟ್ಟಿಯನ್ನು ಯಾರೂ ಕೈಯಲ್ಲಿ ಬರೆದಿಲ್ಲ. ಆಯೋಗದ ಸರ್ವರ್‌ನಲ್ಲಿ ಅದು ಚೊಕ್ಕವಾಗಿ ಟೇಬಲ್ ಆಗಿ ಕೂತಿದೆ. ಚಿತ್ರ ಮಾಡಿ ಕೊಡೋದು ಹೆಚ್ಚಿನ ಕೆಲಸ. ನಮಗೆ ಕೊಡುವಾಗ ಬೇಕಂತಲೇ ಒಂದು ಮೆಟ್ಟಿಲು ಸೇರಿಸ್ತಾರೆ.

ದೊಡ್ಡ ಪಕ್ಷ, ದುಡ್ಡಿರುವ ಕಂಪನಿ ಇದನ್ನು ದಾಟುತ್ತವೆ. ರಾಹುಲ್ ಗಾಂಧಿ ತಂಡವೇ ಆರು ತಿಂಗಳು ಕಾಗದ ಹಿಡಿದು ಕೂತಿತ್ತಂತೆ. ಬಡಾವಣೆಯ ಹತ್ತು ಜನಕ್ಕೆ ಆ ಕೆಲಸ ಆಗುತ್ತಾ?

ಮಲ್ಲೇಶ್ವರದವಳು

ಚಿಲುಮೆ ಪ್ರಕರಣ ಎಲ್ಲರಿಗೂ ಮರೆತೇ ಹೋಯ್ತಾ? 2022ರ ನವೆಂಬರ್. ಮತದಾರರ ಜಾಗೃತಿ ಮಾಡ್ತೀವಿ, ಅದೂ ಪುಕ್ಕಟೆ ಅಂತ ಚಿಲುಮೆ ಅನ್ನೋ ಒಂದು ಟ್ರಸ್ಟ್ ಬಿಬಿಎಂಪಿಯಿಂದ ಅನುಮತಿ ತಗೊಂಡಿತು. ಅದರ ಹುಡುಗರು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಂತ ಗುರುತಿನ ಚೀಟಿ ನೇತುಹಾಕಿಕೊಂಡು ಮನೆ ಮನೆಗೆ ಬಂದರು. ಜಾತಿ, ಫೋನ್ ನಂಬರ್, ಎಲ್ಲ ಬರೆದುಕೊಂಡು ಹೋದರು ಅನ್ನೋ ಆರೋಪ. ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತು ಆಯ್ತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿ ಮತ್ತೆ ಪೂರ್ತಿ ಪರಿಶೀಲಿಸಿ ಅಂತ ಆಯೋಗ ಹೇಳಬೇಕಾಯ್ತು.

ಇಡೀ ಪಟ್ಟಿ ಎಕ್ಸೆಲ್‌ನಲ್ಲಿ ಸಿಕ್ಕರೆ ಹೀಗೆ ಮನೆಗೆ ಬರುವ ಕಷ್ಟವೂ ಬೇಡ. ಗಂಡ ಸತ್ತ ಮೇಲೆ ಒಬ್ಬಳೇ ಇರುವ ಹೆಂಗಸು ಯಾವ ಮನೆಯಲ್ಲಿದ್ದಾಳೆ, ವಯಸ್ಸೆಷ್ಟು ಅಂತ ಒಂದು ಕ್ಲಿಕ್‌ನಲ್ಲಿ ಬೇರ್ಪಡಿಸಿ ತೆಗೆಯಬಹುದು. ನನಗೆ ಆಯೋಗದ ಮೇಲೆ ಪ್ರೀತಿ ಏನಿಲ್ಲ. ಆದರೆ ಈ ಭಯ ಸುಳ್ಳಲ್ಲ.

ಕೋಡ್ ಕುಮಾರ

ಸುಳ್ಳಲ್ಲ, ಒಪ್ಪಿದೆ. ಆದರೆ ಚಿಲುಮೆಯವರಿಗೆ ಈ ಚಿತ್ರದ ಪಿಡಿಎಫ್ ಅಡ್ಡ ಬಂತಾ? ಕಚೇರಿಯ ಬಾಗಿಲಿಂದಲೇ ನಡೆದು ಹೋದರು. ಬೀಗ ಬಿದ್ದಿದ್ದು ನಮ್ಮಂಥವರಿಗೆ ಮಾತ್ರ.

ಮೇಷ್ಟ್ರು

ನಾನು ಪ್ರಾಥಮಿಕ ಶಾಲೆ ಶಿಕ್ಷಕ, ಜೊತೆಗೆ ಬಿಎಲ್‌ಒ. ನಿಮ್ಮ ಪಟ್ಟಿಯ ತಪ್ಪೆಲ್ಲ ಕೊನೆಗೆ ಬಂದು ಬೀಳೋದು ನಮ್ಮ ತಲೆ ಮೇಲೆ. ಗೌರವಧನ ವರ್ಷಕ್ಕೆ 6,000 ಇತ್ತು, 2025ರಲ್ಲಿ 12,000 ಮಾಡಿದರು. ಅದಕ್ಕೆ ಪಾಠ, ಬಿಸಿಯೂಟದ ಲೆಕ್ಕ, ಮೇಲೆ ಇದು.

ಒಂದೆರಡು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೆ ನಂಬರ್ 0 ಅಂತ ಕಂಡ ಕೂಡಲೇ ಕಳ್ಳ ಮತ ಅನ್ನಬೇಡಿ. ನಂಬರ್ ಇಲ್ಲದ ಮನೆ, ಶೆಡ್ಡು, ಗುಡಿಸಲಿಗೆ ಹಾಗೇ ಬರುತ್ತೆ. ಒಂದೇ ವಿಳಾಸದಲ್ಲಿ ಹತ್ತಾರು ಜನ ಇದ್ದರೆ ಅದು ಪಿಜಿ ಇರಬಹುದು, ವಠಾರ ಇರಬಹುದು. ಬಾಡಿಗೆಗೆ ಬಂದವರು ಹೆಸರು ಬರೆಸ್ತಾರೆ, ಮನೆ ಬಿಟ್ಟು ಹೋಗುವಾಗ ತೆಗೆಸಲ್ಲ. ಐದು ವರ್ಷ ಹೀಗೆ ನಡೆದರೆ ಒಂದು ಕೋಣೆಯಲ್ಲಿ ಎಷ್ಟು ಜನ ಆಗ್ತಾರೆ ನೀವೇ ಲೆಕ್ಕ ಹಾಕಿ. ಸತ್ತವರ ಮನೆಯವರು ಮರಣ ಪತ್ರ ತಂದು ಕೊಡೋದು ಅಪರೂಪ. ಆಸ್ತಿ ಖಾತೆ ಬದಲಾವಣೆಗೆ ಮಾತ್ರ ಓಡ್ತಾರೆ.

ಇದು ಮೋಸ ಅಲ್ಲ, ಕೊಳೆ. ಕೊಳೆ ಇರುವ ಕಡೆ ಮೋಸ ಮಾಡೋದು ಸುಲಭ ಅನ್ನೋದೂ ನಿಜ.

ಕಲಬುರಗಿ ಮಂದಿ

ಮೇಷ್ಟ್ರೇ, ನಮ್ಮ ಆಳಂದದ ಕಥಿ ನಿಮ್ಮಂಥ ಬಿಎಲ್‌ಒ ಒಬ್ಬರಿಂದಲೇ ಹೊರಗ ಬಂತು ನೋಡ್ರಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ವು. ಎಲ್ಲ ಫಾರಂ 7. ಅದರೊಳಗೆ ತಮ್ಮ ಸಂಬಂಧಿಕರದೇ ಹೆಸರು ಕಂಡಾಗ ಬಿಎಲ್‌ಒಗೆ ಅನುಮಾನ ಬಂತು. ಅರ್ಜಿ ಹಾಕಿದವರು ಅಂತ ಇದ್ದ ಪಕ್ಕದ ಮನೆಯವರನ್ನು ಕೇಳಿದರೆ ಅವರಿಗೆ ಗೊತ್ತೇ ಇಲ್ಲ. ಪೂರ್ತಿ ತಪಾಸಣೆ ಮಾಡಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ಅರ್ಜಿ ತಿರಸ್ಕಾರ ಆದವು. ಆ ಹೆಸರು ಉಳಿದವು ಅನ್ನೋದು ಸಮಾಧಾನ.

ಎಫ್‌ಐಆರ್ ಆಗಿದ್ದು 2023ರ ಫೆಬ್ರವರಿ. ಆಮೇಲೆ ಶುರು ಆಯ್ತು ದಾಖಲೆಯ ಜಗಳ. ಅರ್ಜಿ ಯಾವ ಕಂಪ್ಯೂಟರಿಂದ ಬಂತು, ಓಟಿಪಿ ಯಾವ ಫೋನಿಗೆ ಹೋಯ್ತು ಅಂತ ಸಿಐಡಿ ಕೇಳುತ್ತಲೇ ಇತ್ತು. ತಮ್ಮ ಹತ್ತಿರ ಇದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್‌ನಲ್ಲೇ ಜಿಲ್ಲಾ ಪೊಲೀಸರಿಗೆ ಕೊಟ್ಟಾಗಿದೆ ಅಂತ ಆಯೋಗ ಹೇಳಿತು. ಅದು ಸಾಲದು ಅಂತ ಈ ಕಡೆಯವರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ಮಾಡಿತು. ಒಂದು ಅರ್ಜಿಗೆ 80 ರೂಪಾಯಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದಾರೆ ಅಂತ ಅವರ ತನಿಖೆಯ ಸುದ್ದಿ ಪೇಪರಿನಲ್ಲಿ ಬಂತು. ಒಂದು ವೋಟು ಅಳಿಸೋಕೆ ಎರಡು ಪ್ಲೇಟ್ ಮಿರ್ಚಿ ಭಜಿ ರೊಕ್ಕ ಸಾಕು ಅಂದಂಗಾಯ್ತು.

ಅದೇ ತಿಂಗಳು ಆಯೋಗ ಆನ್‌ಲೈನ್ ಅರ್ಜಿಗೆ ಆಧಾರ್ ಮೂಲಕ ಇ-ಸಹಿ ತಂದಿತು. ಮೊದಲೇ ತರಬೇಕಿತ್ತು.

ವರ್ತೂರು ವಾಸಿ

ಇದನ್ನೇ ನಾನು ಕೇಳ್ತಿರೋದು. ಆಳಂದದಲ್ಲಿ ಒಬ್ಬ ಬಿಎಲ್‌ಒ ಕಣ್ಣಿಗೆ ಬಿತ್ತು. ಬೀಳದಿದ್ದರೆ? ಯಾರ ಹೆಸರು ತೆಗೆಯಲು ಅರ್ಜಿ ಬಂದಿದೆ ಅನ್ನೋದು ಊರಿಗೆ ಮೊದಲೇ ಗೊತ್ತಾಗುವ ದಾರಿ ಇಲ್ವಾ?

ವಕೀಲ ಧಾರವಾಡ

ಇದೆ. ಫಾರಂ 9, 10, 11 ಅಂತ ಪಟ್ಟಿಗಳಿವೆ. 9ರಲ್ಲಿ ಹೊಸದಾಗಿ ಸೇರಿಸಿ ಅಂದವರು. 10ರಲ್ಲಿ ಯಾರ ಹೆಸರಿಗೆ ಆಕ್ಷೇಪಣೆ ಬಂದಿದೆ, ಆಕ್ಷೇಪಿಸಿದವರು ಯಾರು. 11ರಲ್ಲಿ ವಿವರದ ತಿದ್ದುಪಡಿ. ಇವನ್ನು ನೋಂದಣಿ ಅಧಿಕಾರಿ ಪ್ರಕಟಿಸಬೇಕು. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿಗೂ ಹಾಕುತ್ತಾರೆ. ಇಡೀ ಪಟ್ಟಿಗಿಂತ ನೀವು ಹಿಡಿಯಬೇಕಾದ್ದು ಈ ಫಾರಂ 10.

ಹೆಸರು ತೆಗೆಯೋಕೆ ಮುಂಚೆ ವಿಚಾರಣೆಗೆ ಅವಕಾಶ ಕೊಡಬೇಕು ಅಂತ ಅದೇ 1960ರ ನಿಯಮಗಳಲ್ಲಿ 21ಎ ಹೇಳುತ್ತೆ. ಸುಪ್ರೀಂ ಕೋರ್ಟ್ 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿದೆ. ದೆಹಲಿ, ಮುಂಬೈಯ ಕೆಲವು ಕಡೆ ನೀವು ವಿದೇಶಿಯರು ಅಂತ ಜನರಿಗೆ ನೋಟಿಸ್ ಕೊಟ್ಟಿದ್ದರು. ಒಮ್ಮೆ ಪಟ್ಟಿಯಲ್ಲಿ ಹೆಸರು ಇದ್ದರೆ ಆಗಲೇ ಪರಿಶೀಲಿಸಿ ಸೇರಿಸಿದ್ದಾರೆ ಅಂತಲೇ ನೋಡಬೇಕು, ಅನುಮಾನಕ್ಕೆ ಆಧಾರ ಏನು ಅಂತ ಆ ವ್ಯಕ್ತಿಗೆ ತೋರಿಸಬೇಕು ಅಂದಿತು ಕೋರ್ಟ್.

ಇನ್ನು ಸಮಯದ ಮಾತು. ಚುನಾವಣೆ ಆದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು, ಸರಿ. ಆದರೆ ಅಲ್ಲಿ ಪಟ್ಟಿಯೇ ತಪ್ಪಾಗಿತ್ತು ಅಂತ ವಾದಿಸೋಕೆ ಆಗಲ್ಲ. 1969ರ ಕಬೂಲ್ ಸಿಂಗ್ ತೀರ್ಪಿನಿಂದ ಇದು ನಿಂತಿದೆ. ಪಟ್ಟಿ ಅಂತಿಮ ಅಂದರೆ ಅಂತಿಮ. ಸಿವಿಲ್ ಕೋರ್ಟಿಗೂ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 30ನೇ ಕಲಂ ಬೇಲಿ ಹಾಕಿದೆ. ಮೊದಲ ಮೇಲ್ಮನವಿ ಜಿಲ್ಲಾಧಿಕಾರಿಗೆ, ಎರಡನೆಯದು ಮುಖ್ಯ ಚುನಾವಣಾಧಿಕಾರಿಗೆ, ಎಲ್ಲ ನಾಮಪತ್ರ ಸಲ್ಲಿಕೆಯ ಕೊನೆಯ ದಿನದೊಳಗೆ ಆಗಬೇಕು. ಹಾಗಾಗಿ ಕರಡು ಪಟ್ಟಿ ಬಂದ ಆ ಕೆಲವೇ ವಾರ ಇಡೀ ಆಟ. ಆ ವಾರಗಳಲ್ಲೇ ಪಟ್ಟಿ ಓದಲು ಬಾರದ ಚಿತ್ರವಾಗಿ ಸಿಕ್ಕರೆ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತೆ. 2018ರ ತೀರ್ಪು ಇಲ್ಲೇ ಎಡವಿದೆ ಅನ್ನೋದು ನನ್ನ ಅನಿಸಿಕೆ. ಪಟ್ಟಿ ಯಾವ ರೂಪದಲ್ಲಿದೆ ಅಂತ ನೋಡಿತು, ಜನರಿಗೆ ಎಷ್ಟು ದಿನ ಇದೆ ಅಂತ ನೋಡಲಿಲ್ಲ.

ಸುಮ್ನೆ ಓದುವವಳು

ಬಿಹಾರದ್ದನ್ನು ಯಾರೂ ಎತ್ತಿಲ್ಲವಲ್ಲ. ಅಲ್ಲಿ ಕೋರ್ಟ್ ಸ್ವಲ್ಪ ಬೇರೆ ಥರ ನಡೆದುಕೊಂಡಿತು. 2025ರ ಜೂನ್ 24ರಂದು ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶ ಆಯ್ತು. 7.89 ಕೋಟಿ ಇದ್ದ ಪಟ್ಟಿ ಆಗಸ್ಟ್ 1ರ ಕರಡಿನಲ್ಲಿ 7.24 ಕೋಟಿ ಆಯ್ತು. ಸುಮಾರು 65 ಲಕ್ಷ ಹೆಸರು ಇಲ್ಲ. ಸತ್ತವರು 22 ಲಕ್ಷ, ಊರು ಬಿಟ್ಟವರು ಅಥವಾ ಸಿಗದವರು 36 ಲಕ್ಷ, ಎರಡು ಕಡೆ ಇದ್ದವರು 7 ಲಕ್ಷ ಅಂತ ಆಯೋಗದ ಲೆಕ್ಕ. ಆದರೆ ಯಾರು ಯಾವ ಗುಂಪಿನಲ್ಲಿ? ಅದನ್ನು ಬೇರೆಯಾಗಿ ಪ್ರಕಟಿಸಬೇಕು ಅಂತ ನಿಯಮವೇನೂ ಇಲ್ಲ ಅಂದಿತು ಆಯೋಗ.

ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. 65 ಲಕ್ಷ ಹೆಸರನ್ನೂ ಬೂತ್‌ವಾರು ಹಾಕಿ, ಪ್ರತಿ ಹೆಸರಿನ ಮುಂದೆ ಕಾರಣ ಬರೆಯಿರಿ, ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರ್ ಹಾಕಿದರೆ ಸಿಗುವಂತಿರಲಿ, ಪಂಚಾಯಿತಿ ಕಚೇರಿಯಲ್ಲೂ ಅಂಟಿಸಿ ಅಂತ. ಆಮೇಲೆ ಸೆಪ್ಟೆಂಬರ್ 8ರಂದು ಆಧಾರ್ ಅನ್ನು 12ನೇ ದಾಖಲೆಯಾಗಿ ಒಪ್ಪಿ ಅಂತಲೂ ಹೇಳಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿ 7.42 ಕೋಟಿಗೆ ಬಂದು ನಿಂತಿತು.

ನನಗೆ ಇಷ್ಟ ಆಗಿದ್ದು ಆ ಗೋಡೆಗೆ ಅಂಟಿಸಿದ ಹಾಳೆ. ಹೆಸರು, ಮುಂದೆ ಕಾರಣ: ಮರಣ. ಹೆಸರಿನ ಯಜಮಾನ ಅದರ ಮುಂದೆ ಜೀವಂತ ನಿಂತಿದ್ದರೆ ಅಲ್ಲಿಗೆ ತೀರ್ಮಾನ ಆಯ್ತಲ್ಲ. ಅದಕ್ಕೆ ಎಕ್ಸೆಲ್ ಬೇಡ, ಕೋಡ್ ಬೇಡ.

ಓಹಿಯೋ ಕನ್ನಡಿಗ

ನಾನಿರುವ ಕಡೆಯ ಮಾತು ಸ್ವಲ್ಪ ಹೇಳ್ತೀನಿ. ಅಮೆರಿಕದಲ್ಲಿ 1993ರ ಮತದಾರರ ನೋಂದಣಿ ಕಾಯ್ದೆಯಲ್ಲೇ ಬರೆದಿದೆ: ಪಟ್ಟಿ ಸರಿಯಾಗಿಡಲು ಏನೇನು ಮಾಡಿದಿರಿ ಅನ್ನೋ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಂಡು ಜನರಿಗೆ ತೋರಿಸಬೇಕು. ಫೆಡರಲ್ ಚುನಾವಣೆಗೆ 90 ದಿನ ಇರುವಾಗ ಸಾಮೂಹಿಕವಾಗಿ ಹೆಸರು ತೆಗೆಯುವ ಕೆಲಸ ಮುಗಿದಿರಬೇಕು.

ಹಾಗಂತ ಜಗಳ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಓಹಿಯೋದಲ್ಲಿ ಎರಡು ವರ್ಷ ಮತ ಹಾಕದವರಿಗೆ ಒಂದು ಕಾರ್ಡ್ ಕಳಿಸಿ, ಉತ್ತರ ಬಾರದೆ, ಆಮೇಲೂ ನಾಲ್ಕು ವರ್ಷ ಮತ ಹಾಕದಿದ್ದರೆ ಹೆಸರು ತೆಗೀತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದು ಸರಿ ಅಂದಿತು. ಮೇನ್ ರಾಜ್ಯ ಪಟ್ಟಿ ಕೊಡ್ತಿತ್ತು, ಆದರೆ ಅದನ್ನು ಹೀಗೇ ಬಳಸಬೇಕು, ಪ್ರಕಟಿಸಬಾರದು ಅಂತ ಕಟ್ಟುಪಾಡು ಹಾಕಿತ್ತು. 2024ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತೆಗೆದುಹಾಕಿತು. ಈಗ ಉಲ್ಟಾ. 2025ರ ಸೆಪ್ಟೆಂಬರ್‌ನಿಂದ ಕೇಂದ್ರದ ನ್ಯಾಯ ಇಲಾಖೆಯೇ ಮೇನ್, ಆರೆಗಾನ್, ಕ್ಯಾಲಿಫೋರ್ನಿಯಾ ಅಂತ ರಾಜ್ಯಗಳ ಮೇಲೆ ಪೂರ್ತಿ ಪಟ್ಟಿ ಕೊಡಿ ಅಂತ ಕೇಸ್ ಹಾಕ್ತಿದೆ. ಡ್ರೈವಿಂಗ್ ಲೈಸೆನ್ಸ್ ನಂಬರ್ ಸಮೇತ. ಜನ ಸರ್ಕಾರವನ್ನು ತಪಾಸಣೆ ಮಾಡಲಿ ಅಂತ ಬಂದ ಕಾಯ್ದೆ ಇಟ್ಟುಕೊಂಡು ಸರ್ಕಾರವೇ ಜನರ ಮಾಹಿತಿ ಕೇಳ್ತಿದೆ.

ನಂದಿ ಬೆಟ್ಟ

ಇಷ್ಟೆಲ್ಲ ಕಾನೂನು ಯಾಕೆ. ನಮ್ಮ ಬೂತಿನಲ್ಲಿ ಒಂದೇ ಮನೆ ನಂಬರಿಗೆ ಹದಿನಾಲ್ಕು ಹೆಸರು ಸಿಕ್ಕಿವೆ, ಎಲ್ಲ ಬೇರೆ ಭಾಷೆಯವರು. ಹಾಳೆಯ ಫೋಟೋ ಹಾಕಿದ್ದೀನಿ ನೋಡಿ. ನಾವೆಲ್ಲ ಸೇರಿ ನಾಳೆಯೇ ಎಲ್ಲದಕ್ಕೂ ಫಾರಂ 7 ಹಾಕಿಬಿಡೋಣ.

[ಚಿತ್ರವನ್ನು ಅಡ್ಮಿನ್ ತೆಗೆದಿದ್ದಾರೆ]

ಅಡ್ಮಿನ್

ಬೇರೆಯವರ ಹೆಸರು, ಮನೆ ನಂಬರ್, ಎಪಿಕ್ ನಂಬರ್ ಇರುವ ಪುಟ ಇಲ್ಲಿ ಹಾಕಬೇಡಿ. ಸರ್ಕಾರಿ ವೆಬ್‌ಸೈಟಿನಲ್ಲಿ ಇದೆ ಅನ್ನೋದು ಇಲ್ಲಿ ಹಂಚಲು ಕಾರಣ ಆಗಲ್ಲ.

ಮಲ್ಲೇಶ್ವರದವಳು

ನಾನು ಹೇಳಿದ್ದು ಇದನ್ನೇ. ಎರಡು ಗಂಟೆ ಕೂಡ ಆಗಿಲ್ಲ.

ವಕೀಲ ಧಾರವಾಡ

ನಂದಿ ಬೆಟ್ಟ ಅವರೇ, ಹಾಗೆ ಮಾಡಬೇಡಿ. ಫಾರಂ 7ರಲ್ಲಿ ನೀವು ಘೋಷಣೆಗೆ ಸಹಿ ಹಾಕ್ತೀರಿ. ಸುಳ್ಳು ಅಂತ ಗೊತ್ತಿದ್ದು ಹಾಕಿದರೆ 1950ರ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಭಾಷೆ ಬೇರೆ ಅನ್ನೋದು ಆಕ್ಷೇಪಣೆಗೆ ಕಾರಣವೇ ಅಲ್ಲ. ಆ ಮನೆಯಲ್ಲಿ ಮಾಮೂಲಾಗಿ ವಾಸ ಇದ್ದಾರಾ ಅನ್ನೋದಷ್ಟೇ ಪ್ರಶ್ನೆ. ರಾಶಿ ಅರ್ಜಿಗೂ ಆಳಂದಕ್ಕೂ ನೋಡುವವರಿಗೆ ವ್ಯತ್ಯಾಸ ಕಾಣಲ್ಲ.

ಮೇಷ್ಟ್ರು

ಅಷ್ಟೇ ಅಲ್ಲ, ಆ ಹದಿನಾಲ್ಕು ಜನರಿಗೆ ನೋಟಿಸ್ ಹಿಡಿದು ಹೋಗೋನು ನಾನು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ಒಂದು ದಿನದ ಕೂಲಿ ಬಿಟ್ಟು ವಿಚಾರಣೆಗೆ ಬಂದು ನಾನು ಇಲ್ಲೇ ಇದ್ದೀನಿ ಸಾರ್ ಅನ್ನಬೇಕು. ಅನುಮಾನ ಇದ್ದರೆ ಬಿಎಲ್‌ಒಗೆ ಹೇಳಿ. ನಾನು ಹೋಗಿ ಬಾಗಿಲು ತಟ್ಟಿ ನೋಡ್ತೀನಿ. ಈಗಾಗಲೇ ವಿಶೇಷ ತೀವ್ರ ಪರಿಷ್ಕರಣೆಗಾಗಿ 2002ರ ಪಟ್ಟಿ ಹಿಡಿದು ಹೋಲಿಸುವ ಕೆಲಸದಲ್ಲಿ ಅರ್ಧ ಜೀವ ಆಗಿದ್ದೀವಿ, ಆದರೂ ನೋಡ್ತೀನಿ.

ನಂದಿ ಬೆಟ್ಟ

ಸರಿ ಬಿಡಿ. ಪಿಜಿ ಆಗಿರಲೂಬಹುದು. ಕೇಳಿ ನೋಡ್ತೀನಿ.

ಕೋಡ್ ಕುಮಾರ

ಪಟ್ಟಿ ಬಿಟ್ಟು ಇನ್ನೊಂದು ದಾಖಲೆ ಬಗ್ಗೆ. ಬೂತಿನ ಸಿಸಿಟಿವಿ. ಹರಿಯಾಣದ ಚುನಾವಣೆಯ ದೃಶ್ಯ, ದಾಖಲೆ ಕೊಡಿ ಅಂತ 2024ರ ಡಿಸೆಂಬರ್ 9ರಂದು ಪಂಜಾಬ್ ಹರಿಯಾಣ ಹೈಕೋರ್ಟ್ ಆದೇಶಿಸಿತು. ಆ ತಿಂಗಳು ಮುಗಿಯೋದರೊಳಗೆ 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 93ನ್ನೇ ತಿದ್ದಿ, ನಿಯಮದಲ್ಲಿ ಹೆಸರಿಸಿದ ಕಾಗದಪತ್ರ ಮಾತ್ರ ಸಾರ್ವಜನಿಕ ಅಂತ ಮಾಡಿದರು. 2025ರ ಮೇ ತಿಂಗಳಲ್ಲಿ, ತಕರಾರು ಅರ್ಜಿ ಇಲ್ಲದಿದ್ದರೆ ದೃಶ್ಯ 45 ದಿನ ಇಟ್ಟರೆ ಸಾಕು ಅಂತ ಬಂತು. ಹೆಣ್ಣುಮಕ್ಕಳು ಮತ ಹಾಕುವ ವಿಡಿಯೊ ಹಂಚಬೇಕಾ ಅಂತ ಮುಖ್ಯ ಚುನಾವಣಾ ಆಯುಕ್ತರೇ ಪತ್ರಿಕಾಗೋಷ್ಠಿಯಲ್ಲಿ ಕೇಳಿದರು. ಇಲ್ಲೂ ಅದೇ ಖಾಸಗಿತನ. ಕೋರ್ಟ್ ಕೊಡಿ ಅಂದ ಮೇಲೆ ಖಾಸಗಿತನ ನೆನಪಾಯ್ತು.

ಮಲ್ಲೇಶ್ವರದವಳು

ಸಿಸಿಟಿವಿ ವಿಷಯದಲ್ಲಿ ನಾನು ನಿಮ್ಮ ಕಡೆ. ಕ್ಯೂನಲ್ಲಿ ನಿಂತ ಮುಖ ನೋಡಿದರೆ ಯಾರಿಗೂ ಏನೂ ಆಗಲ್ಲ, ಕೋರ್ಟ್ ಬೇಕಾದರೆ ಮುಖ ಮಸುಕು ಮಾಡಿಸಲಿ. ಪಟ್ಟಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ. ಸೇರಿಸಿದ್ದು, ತೆಗೆದದ್ದು, ಕಾರಣ ಇಷ್ಟನ್ನು ಹುಡುಕಲು ಬರುವಂತೆ ಕೊಡಲಿ. ಎಲ್ಲರ ವಯಸ್ಸು, ಮನೆ ನಂಬರ್ ಸೇರಿಸಿ ಟೇಬಲ್ ಬೇಡ.

ವರ್ತೂರು ವಾಸಿ

ಅದಕ್ಕೆ ನಾನೂ ಸಹಿ ಹಾಕ್ತೀನಿ. ಕೋಡ್ ಕುಮಾರ ಒಪ್ಪಲ್ಲ ಅಂತ ಗೊತ್ತು.

ಭಾನುವಾರ ಸಂಘದ ಕಚೇರಿಯಲ್ಲಿ ಕೂರ್ತೀವಿ. ಎರಡು ಭಾಗದ ಪಟ್ಟಿ ಮುದ್ರಿಸಿದ್ದೀವಿ, ಕೊನೆಯಲ್ಲಿರುವ ಪೂರಕ ಪಟ್ಟಿಯಿಂದ ಶುರು ಮಾಡ್ತೀವಿ. ತೆಗೆದ ಹೆಸರಿನ ಮುಂದೆ ಇ ಅಂದರೆ ಮರಣ, ಎಸ್ ಅಂದರೆ ಸ್ಥಳಾಂತರ, ಆರ್ ಅಂದರೆ ಎರಡು ಸಲ ಬಂದದ್ದು ಅಂತ ಗುರುತು ಇರುತ್ತಂತೆ. ಆ ಎಸ್‌ಗಳ ಪೈಕಿ ಯಾರಾದರೂ ಇನ್ನೂ ಇಲ್ಲೇ ಇದ್ದಾರಾ ಅಂತ ನೋಡೋದು ಮೊದಲ ಕೆಲಸ. ಹೆಸರು ತೆಗೆಸೋಕೆ ಅಲ್ಲ, ತಪ್ಪಿ ಹೋದವರನ್ನು ಸೇರಿಸೋಕೆ. ಯಾರೂ ಹಾಳೆಯ ಫೋಟೋ ತೆಗೆಯೋ ಹಾಗಿಲ್ಲ.

ಸುಮ್ನೆ ಓದುವವಳು

ಒಂದು ಸಣ್ಣ ಪ್ರಶ್ನೆ. ನಮ್ಮ ಅತ್ತೆ ಹಾಸನದಿಂದ ಬಂದು ನಮ್ಮ ಜೊತೆ ಇದ್ದಾರೆ. ಹೆಸರು ಅಲ್ಲೂ ಇದೆ, ಇಲ್ಲೂ ಇದೆ. ಅವರೇನು ಎರಡು ಕಡೆ ಮತ ಹಾಕಿಲ್ಲ. ಏನು ಮಾಡಬೇಕು?

ಮೇಷ್ಟ್ರು

ಗಾಬರಿ ಬೇಡ. ಹಾಸನದ ಹೆಸರಿಗೆ ಅತ್ತೆಯೇ ಫಾರಂ 7 ತುಂಬಲಿ, ಕಾರಣದಲ್ಲಿ ಸ್ಥಳಾಂತರ ಅಂತ ಹಾಕಲಿ. ಇಲ್ಲಿಗೆ ಬಂದಾಗ ಫಾರಂ 6 ಬದಲು ವಿಳಾಸ ಬದಲಾವಣೆಯ ಫಾರಂ 8 ಹಾಕಿದ್ದರೆ ಅಲ್ಲಿಯದು ತಾನಾಗೇ ಹೋಗಬೇಕಿತ್ತು. ಅಲ್ಲಿನ ಬಿಎಲ್‌ಒ ಹೆಸರು, ನಂಬರ್ ಭಾಗ ಸಂಖ್ಯೆ ಹಾಕಿದರೆ ವೆಬ್‌ಸೈಟಿನಲ್ಲೇ ಸಿಗುತ್ತೆ. ಅರ್ಜಿ ಹಾಕಿ ಒಂದು ಫೋನ್ ಮಾಡಿ. ಸಂಜೆ ಐದರ ಮೇಲೆ ಮಾಡಿ, ಅದಕ್ಕೆ ಮುಂಚೆ ಅವರು ಪಾಠ ಮಾಡ್ತಿರ್ತಾರೆ.